ಚಾಸಿ ಇಲ್ಲದ ಕಾರು

ಸಿದ್ದೇಶ್ವರ ಅರಕಲಗೂಡಿನಿಂದ ಹಾಸನದ ತಂಗಿಯ ಮನೆಗೆ ಸುಮ್ಮನೆ ಬಂದವನಲ್ಲ. ಸುಮ್ಮನೆ ಬರುವ ಪೈಕಿಯೇ ಅಲ್ಲ ಆತ. ಒಂದರ ಮೇಲೊಂದು ಅಕ್ಕಿರೊಟ್ಟಿ ಹಾಕಿಸಿಕೊಂಡು, ಬದನೆಕಾಯಿ ಎಣ್ಣೆಗಾಯಿಯನ್ನು ಬಾಯ್ತುಂಬ ಹೊಗಳಿ, ಬೆಣ್ಣೆಯ ಬಟ್ಟಲಿಗೆ ಕೈ ಚಾಚುತ್ತಾ ನಿಧಾನಕ್ಕೆ ವಿಷಯ ತೆಗೆದ.

"ಗಂಗಾ, ಸೋಮವಾರ ಲಾರಿ ಕಳಿಸ್ತೀನಿ. ಆ ಹಳೇ ಫಿಯೆಟ್ಟು ಕೊಟ್ಟು ಕಳಿಸು."

"ಯಾತಕ್ಕೆ?"

"ಚನ್ನರಾಯಪಟ್ಟಣದ ಹತ್ರ ಹೈವೇ ಪಕ್ಕ ಅರುಣ್‌ಕುಮಾರ್ ಅಂತ ಒಬ್ರು ಹೋಟ್ಲು ಮಾಡ್ತಾವ್ರೆ. ಹಳೇ ಕಾರು ಬೇಕಂತೆ."

"ಓಡಿಸೋಕಾ?"

"ಓಡಿಸೋಕೆಲ್ಲಿ ಬಂತು! ನಡುವಿಗೆ ಕೊಯ್ದು ಮುಂದಿನ ಅರ್ಧನ ಗೋಡೆಗೆ ಹೊಡೀತಾರಂತೆ. ಹಿಂದಿನ ಅರ್ಧದಲ್ಲಿ ಗಿರಾಕಿಗಳ್ನ ಕೂರಿಸಿ ದೋಸೆ ಕೊಡ್ತಾರಂತೆ. ಜನ ಮುಗಿಬಿದ್ದು ಫೋಟೋ ತಗೋತಾರೆ ಕಣೆ."

ಕಾವಲಿಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಗಂಗಾಂಬಿಕೆ ತಿರುವಿ ಹಾಕಲಿಲ್ಲ. ಆ ಕಾರು ಅವರ ಅಪ್ಪ ಗೌರೀಶಂಕರಯ್ಯನದು. ಮದುವೆಗೆ ಮುಂಚೆ ಹೊಗೆಸೊಪ್ಪಿನ ಹೊಲದ ಪಕ್ಕದ ಮಣ್ಣುರಸ್ತೆಯಲ್ಲಿ ಅಪ್ಪ ಅವಳಿಗೆ ಓಡಿಸಲು ಕಲಿಸಿದ್ದು ಅದರಲ್ಲೇ. ಮಾತುಕತೆಗೆ ಗಂಡಿನ ಕಡೆಯವರು ಬಂದಾಗ ಮಾತ್ರ, ಹುಡುಗಿಗೆ ಕಾರು ಓಡಿಸಲು ಬರುತ್ತೆ ಅನ್ನುವ ಮಾತನ್ನು ಯಾರೂ ಎತ್ತಬಾರದು ಎಂದು ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಪ್ಪ ಹೋದ ಮೇಲೆ, ಟ್ರಾಕ್ಟರ್ ನಿಲ್ಲಿಸಲು ಜಾಗ ಬೇಕು, ಇದನ್ನು ಗುಜರಿಗೆ ಹಾಕುತ್ತೇನೆ ಎಂದು ಸಿದ್ದೇಶ್ವರ ಹೊರಟಾಗ ಗಂಗಾಂಬಿಕೆಯೇ ಬಾಡಿಗೆ ಲಾರಿ ಮಾಡಿಕೊಂಡು ಹೋಗಿ ಹಾಸನಕ್ಕೆ ತಂದಿದ್ದಳು. ಟೈರು ಹಾಳಾಗಬಾರದೆಂದು ಅವಳ ಗಂಡ ಪಂಚಾಕ್ಷರಯ್ಯ ಕಾರನ್ನು ಎತ್ತಿಸಿ ಎರಡು ಪಕ್ಕಕ್ಕೂ ನಟ್ಟನಡುವೆ ಸೈಜುಗಲ್ಲು ಕೊಟ್ಟು ಕೂರಿಸಿದ್ದ. ಮೂರು ವರ್ಷದಿಂದ ಅದು ಹಾಗೇ ಕೂತಿತ್ತು. ಕಾಗದಪತ್ರ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಅಣ್ಣ ಸಹಿ ಹಾಕದೆ ಅದು ಅವಳ ಹೆಸರಿಗೆ ಬರುವಂತಿರಲಿಲ್ಲ.

"ಓಡೋ ಕಾರನ್ನ ಕೊಯ್ಯೋಕೆ ಕೊಡಲ್ಲ ನಾನು," ಎಂದಳು.

"ಓಡೋ ಕಾರು!" ಸಿದ್ದೇಶ್ವರ ಬೆಣ್ಣೆ ಹಚ್ಚಿದ ತುತ್ತನ್ನು ಕೈಯಲ್ಲೇ ಹಿಡಿದು ನಕ್ಕ. "ಭಾವ, ಕೇಳಿದ್ರಾ? ಆಯ್ತು ಕಣವ್ವ. ಮುಂದಿನ ತಿಂಗಳು ಅಪ್ಪನ ಸ್ಮರಣೆ ಐತಲ್ಲ, ಅವತ್ತು ನೀನೇ ಓಡಿಸ್ಕಂಡು ಅರಕಲಗೂಡಿಗೆ ಬಾ. ಬಂದ್ರೆ ಕಾರು ನಿಂದು, ಅಲ್ಲೇ ಸೈನ್ ಹಾಕ್ಕೊಡ್ತೀನಿ. ಬರ್ಲಿಲ್ಲ ಅಂದ್ರೆ ಹೋಟ್ಲಿಗೆ."

ಅವನು ಹೇಳಿದ್ದು ತಮಾಷೆಗೆ. ತಮಾಷೆ ಯಾರ ಜೊತೆ ಮಾಡಬೇಕು ಅನ್ನುವುದು ಅವನಿಗೆ ಐವತ್ತೈದು ದಾಟಿದರೂ ಗೊತ್ತಾಗಿರಲಿಲ್ಲ.

"ಅತ್ತೆಮ್ಮ, ಕೇಳಿಸ್ಕೊಂಡ್ರಲ್ಲ? ನೀವೇ ಸಾಕ್ಷಿ," ಎಂದಳು ಗಂಗಾಂಬಿಕೆ.

ಅತ್ತೆ ನೀಲಾಂಬಿಕೆ ಎಂಬತ್ತರ ಮುದುಕಿ. ತಲೆ ಎತ್ತಲಿಲ್ಲ. "ನನ್ನ ಯಾಕವ್ವ ಎಳೀತೀಯ? ನಾನು ರೊಟ್ಟಿ ತಿಂತಾವ್ನಿ. ಅದೂ ಸೀದಿರೋ ರೊಟ್ಟಿ."

ಅಣ್ಣ ಹೋದ ಮೇಲೆ ಪಂಚಾಕ್ಷರಯ್ಯ ಕೈ ತೊಳೆಯುತ್ತಾ ಕೇಳಿದ: "ಡ್ರೈವಿಂಗ್ ಮರೆತು ಹೋಗಿರಲ್ವೇನೆ? ಲೈಸೆನ್ಸ್ ಎಲ್ಲೈತೆ ನಿಂಗೆ?"

"ಹೋದ ವರ್ಷ ತರಕಾರಿ ಮಾರ್ಕೆಟ್ಟಿಗೆ ದಿನಾ ಹೋಗ್ತಿದ್ನಲ್ಲ, ಜ್ಞಾಪಕ ಇದ್ಯಾ?"

"ಹ್ಞೂಂ. ಬರಿಗೈಲಿ ವಾಪಸ್ ಬತ್ತಿದ್ದೆ."

"ಡ್ರೈವಿಂಗ್ ಸ್ಕೂಲಲ್ಲಿ ತರಕಾರಿ ಕೊಡಲ್ಲ ರೀ."

ತನ್ನ ಬಿತ್ತನೆ ಆಲೂಗಡ್ಡೆ ಮಂಡಿಯಲ್ಲಿ ನೂರು ರೈತರನ್ನು ಮಾತಿನಲ್ಲೇ ಸುಧಾರಿಸುವ ಪಂಚಾಕ್ಷರಯ್ಯ ಅವತ್ತು ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ನಿಂತಿದ್ದ.

ಸೋಮವಾರ ಲಾರಿ ಬಂತು. ಅಣ್ಣನದಲ್ಲ, ಗಂಗಾಂಬಿಕೆ ಕರೆಸಿದ್ದು. ಕಲ್ಲಿನಿಂದ ಇಳಿಸುವ ಮುಂಚೆ ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ಮುಂದಿನ ಬಾಗಿಲ ಮೇಲ್ಗಡೆ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಬಾಗಿಲು ಹಾಕಲು ನೋಡಿದರೆ ಕೊಂಡಿ ಕೂರುತ್ತಿರಲಿಲ್ಲ. ಕಲ್ಲು ತೆಗೆದು ಚಕ್ರದ ಮೇಲೆ ಇಳಿಸಿದ ಮೇಲೆ ಮತ್ತೆ ಬೆರಳಿಟ್ಟಳು. ಈಗ ಉಗುರು ಮಾತ್ರ ಹೋಯಿತು. ಇದೇನಪ್ಪಾ ಹೀಗೆ ಎಂದುಕೊಂಡಳೇ ಹೊರತು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಲಾರಿ ಕಾರನ್ನು ಇಳಿಸಿದ್ದು ಹೊಳೆನರಸೀಪುರದಲ್ಲಿ, ಟಿಂಕರಿಂಗ್ ಕೆಲಸದ ಕಾಂತರಾಜುವಿನ ಶೆಡ್ಡಿನಲ್ಲಿ. ಹಳೇ ಜೀಪು, ಹಳೇ ಫಿಯೆಟ್ಟು ಇದ್ದವರೆಲ್ಲ ಅವನ ಶೆಡ್ಡಿಗೇ ಹೋಗುವುದು. ಕೈ ಒಳ್ಳೆಯದು, ಬಾಯಿ ಕೈಗಿಂತ ದೊಡ್ಡದು. ಕಾರಿನ ಕೆಳಗೆ ತೂರಿ ಸ್ಕ್ರೂಡ್ರೈವರಿನಲ್ಲಿ ಅಲ್ಲಲ್ಲಿ ತಿವಿದ. ತುಕ್ಕು ಉದುರಿ ಅವನ ಮುಖದ ಮೇಲೇ ಬಿತ್ತು.

"ಇಂಜಿನ್ನು ಗಟ್ಟಿಯಾಗೈತೆ ಕಣಕ್ಕ, ಅದನ್ನ ಎಬ್ಬಿಸ್ತೀನಿ. ಬಾಡಿ ಸೊಂಟ ಬಿದ್ದೋಗೈತೆ."

"ಚಾಸಿ ರಿಪೇರಿ ಮಾಡೋಕಾಗಲ್ವಾ?"

"ಇದಕ್ಕೆ ಚಾಸಿ ಎಲ್ಲೈತೆ? ಜೀಪು, ಲಾರಿಗಾದ್ರೆ ಕೆಳಗೊಂದು ಚಾಸಿ, ಅದ್ರ ಮ್ಯಾಲೊಂದು ಬಾಡಿ. ಈ ಗಾಡಿಗೆ ಬಾಡಿಯೇ ಚಾಸಿ. ತಗಡು ತಗಡು ಸೇರಿಸಿ ಪೆಟ್ಟಿಗೆ ಮಾಡವ್ರೆ. ಪೆಟ್ಟಿಗೆ ಸಡ್ಲ ಆಯ್ತೋ, ಬಾಗ್ಲೂ ಇಲ್ಲ, ಸ್ಟೇರಿಂಗೂ ಇಲ್ಲ. ಗುಂಡಿಗಿಳಿದ್ರೆ ಮುಂದಿನ ಚಕ್ರ ಒಂದು ಕಡೆ, ಹಿಂದಿಂದು ಒಂದು ಕಡೆ."

"ಅಂದ್ರೆ?"

"ಗಟ್ಟಿ ಮಾಡ್ಬೇಕು. ಮೂರು ದಾರಿ ಅವೆ." ಕಾಂತರಾಜು ಕೈ ಒರೆಸಿಕೊಂಡ. "ಒಂದು, ಬಾನೆಟ್ ಒಳಗೆ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ರಾಡು. ರೆಡಿಮೇಡ್ ಬತ್ತದೆ, ಬಣ್ಣ ಗಿಣ್ಣ ಹೊಡೆದು ಜೋರಾಗಿರ್ತದೆ. ಎರಡು, ಲಾರಿಯೋರು ಹಾಕ್ತಾರಲ್ಲ ಸಿ ಚಾನಲ್, ದಪ್ಪನೆ ಕಬ್ಬಿಣದ ತೊಲೆ, ಅದನ್ನ ಅಡಿಯಲ್ಲಿ ಉದ್ದಕ್ಕೂ ಎಳೆಯೋದು. ಮೂರು, ಬಾಗ್ಲ ಕೆಳಗಿನ ಸೈಡ್ ಪಟ್ಟಿ ಎರಡೂ ಹೊಸ್ದಾಗಿ ಮಾಡಿ, ನೆಲದ ಅಡಿಗೆ ಬಾಕ್ಸ್ ಪೈಪು ಕೊಟ್ಟು, ಇಂಜಿನ್ ಕೂರೋ ಜಾಗದಿಂದ ಹಿಂದಿನ ಚಕ್ರದ ಕಮಾನು ಪಟ್ಟಿ ಕಚ್ಚೋ ಜಾಗದವರೆಗೂ ಸೇರಿಸೋದು. ಅದರಲ್ಲಿ ಕೆಲಸ ಜಾಸ್ತಿ. ಮಾಡಿದ್ದು ಕಾಣಾಕೂ ಇಲ್ಲ. ಕಾಣದೇ ಇರೋ ಕೆಲಸಕ್ಕೆ ಯಾರೂ ದುಡ್ಡು ಬಿಚ್ಚಾಕಿಲ್ಲ ನೋಡಿ."

"ಕಾಣದೇ ಇರೋ ಕೆಲಸ ಮಾಡೋರು ನಮ್ಮನೇಲೂ ಒಬ್ಬರಿದಾರೆ ಬಿಡಿ," ಎಂದಳು ಗಂಗಾಂಬಿಕೆ. "ನಾಳೆ ಹೇಳ್ತೀನಿ."

ರಾತ್ರಿ ಊಟಕ್ಕೆ ಕೂತಾಗ ಮನೆಯೇ ವರ್ಕ್‌ಶಾಪು. ಮಗಳು ಪ್ರೇಕ್ಷಾ ಸಾಲಗಾಮೆ ರಸ್ತೆಯ ಕನ್ನಡಕದಂಗಡಿಯಲ್ಲಿ ಕಣ್ಣು ತಪಾಸಣೆ ಮಾಡುವವಳು. ಮುದ್ದೆ ಮುರಿಯುತ್ತಲೇ ಫೋನು ತೋರಿಸಿದಳು. "ಅಮ್ಮ, ಈ ಕೆಂಪು ರಾಡ್ ನೋಡು. ಸೂಪರಾಗಿದೆ. ಬಾನೆಟ್ ತೆಗೆದ್ರೆ ಮಾವ ಬಾಯಿ ಬಿಟ್ಕೊಂಡು ನಿಂತ್ಕೋಬೇಕು."

"ನಿಮ್ಮ ಮಾವ ಬಾನೆಟ್ ಒಳಗೆ ಕೂರ್ತಾನೇನೆ? ಸೀಟಲ್ಲಿ ಕೂರ್ತಾನೆ. ಭಾರ ಬೀಳೋದು ನೆಲಕ್ಕೆ. ನೆಲ ತೂತಾಗಿರೋವಾಗ ಮುಂದೆ ಕೆಂಪು ರಾಡು ಕಟ್ಕೊಂಡು ಏನು ಮಾಡಲಿ?"

"ಮುಂದುಗಡೆ ಗಟ್ಟಿಯಾಗುತ್ತಲ್ಲಮ್ಮ."

"ಮುಂದುಗಡೆ ಗಟ್ಟಿಯಾಗೇ ಇದೆ. ಬಿದ್ದಿರೋದು ನಡು."

ಪಂಚಾಕ್ಷರಯ್ಯ ಸಾರು ಸೊರ್ರನೆ ಹೀರಿ ತೀರ್ಪು ಕೊಟ್ಟ. "ಇಬ್ರೂ ಸುಮ್ನಿರಿ. ಲಾರಿ ಚಾನಲ್ ಹಾಕ್ಸು. ಟನ್‌ಗಟ್ಟಲೆ ಆಲೂಗಡ್ಡೆ ಹೊರೋದು ಅದೇ. ಹಾಕ್ಸುದ್ರೆ ಮೊಮ್ಮಕ್ಕಳ ಕಾಲದವರೆಗೂ ಜಗ್ಗಲ್ಲ."

"ನಾನು ಆಲೂಗಡ್ಡೆ ಹೊರೋಕೆ ಹೋಗ್ತಿಲ್ಲ. ಆ ಚಾನಲ್ ಭಾರಕ್ಕೇ ಪುಟ್ಟ ಇಂಜಿನ್ನು ಏದುಸಿರು ಬಿಡುತ್ತೆ."

"ನಂಗೆ ಗಾಡಿ ವಿಷಯ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತಿಲ್ಲ. ನಾನು ಹೋಳಿಗೆ ಮಾರಿದ ದುಡ್ಡಲ್ಲಿ, ನನ್ನಪ್ಪನ ಕಾರಿಗೆ, ನಂಗೆ ಬೇಕಾಗಿದ್ದು ಹಾಕಿಸ್ತೀನಿ ಅಂತ ಹೇಳ್ತಿದೀನಿ."

"ಸಾರಿಗೆ ಉಪ್ಪು ಕಮ್ಮಿ ಆಗೈತೆ," ಎಂದಳು ನೀಲಾಂಬಿಕೆ. "ಕಾರಿನ ಜೊತೇಲೇ ಉಪ್ಪೂ ಓಯ್ತು."

ಮರುದಿನ ಗಂಗಾಂಬಿಕೆ ಕಾಂತರಾಜುಗೆ ಫೋನಿನಲ್ಲಿ ಮೂರನೆಯದನ್ನೇ ಮಾಡಿ ಎಂದು ಹೇಳಿ ಮುಂಗಡ ಕಳಿಸಿದಳು.

ಮುಂದಿನ ಎರಡು ವಾರ ಅವಳು ಒಲೆಯ ಮುಂದಿನಿಂದ ಎದ್ದಿದ್ದೇ ಕಡಿಮೆ. ಮದುವೆ, ಗೃಹಪ್ರವೇಶಗಳ ಕಾಲ. ಹಾಸನದಲ್ಲಿ ಗಂಗಾಂಬಿಕೆಯ ಬೇಳೆ ಹೋಳಿಗೆ ಎಂದರೆ ಹೆಸರಿತ್ತು. ಬಂದ ಆರ್ಡರು ಒಂದನ್ನೂ ಬಿಡಲಿಲ್ಲ. ಬೆಳಿಗ್ಗೆ ಹೂರಣ ರುಬ್ಬುವುದು, ಮಧ್ಯಾಹ್ನ ತಟ್ಟುವುದು, ಸಂಜೆ ಕಟ್ಟುವುದು. ಮನೆಯ ಅಡುಗೆ ಪ್ರೇಕ್ಷಾಳ ಕುತ್ತಿಗೆಗೆ ಬಿತ್ತು.

"ಅಮ್ಮ, ನಾನು ದಿನವೆಲ್ಲ ಜನರ ಕಣ್ಣು ನೋಡಿ ಬರ್ತೀನಿ. ಬಂದು ಈರುಳ್ಳಿ ಹೆಚ್ಚಿ ನನ್ನ ಕಣ್ಣಲ್ಲೂ ನೀರು ಹಾಕ್ಬೇಕಾ?"

"ನಿಮ್ಮಪ್ಪಂಗೆ ಕೊಡು, ಹೆಚ್ಚಲಿ."

"ನಾನಾ!" ಪಂಚಾಕ್ಷರಯ್ಯ ಪೇಪರು ಕೆಳಗಿಳಿಸಿದ. "ಈರುಳ್ಳಿನ ನಾನು ಮೂಟೆಗಟ್ಟಲೆ ಮಾರಿದೀನಿ, ಹೆಚ್ಚಿಲ್ಲ."

ಹೆಂಡತಿ ತನ್ನ ಮಾತಿಗೆ ಸೊಪ್ಪು ಹಾಕಲಿಲ್ಲವಲ್ಲ ಎಂಬುದು ಅವನನ್ನು ಒಳಗೇ ಕೊರೆಯುತ್ತಿತ್ತು. ಕೆಟ್ಟ ಮನುಷ್ಯನಲ್ಲ, ಪಾಪ. ಮನೆಯಲ್ಲಿ ತಾನು ಹೇಳದೆ ಒಂದು ಕೆಲಸ ಆಗಿಬಿಡುವುದು ಅವನಿಗೆ ಅಭ್ಯಾಸವಿರಲಿಲ್ಲ ಅಷ್ಟೇ. ಬಿತ್ತನೆ ಗಡ್ಡೆಯ ಲೆಕ್ಕ ಮುಗಿಸಲು ಹೊಳೆನರಸೀಪುರಕ್ಕೆ ಹೋದ ದಿನ, ಹಾಗೇ ಕಾಂತರಾಜುವಿನ ಶೆಡ್ಡಿಗೂ ಹೋದ. ಅವತ್ತು ರಾತ್ರಿ ಊಟಕ್ಕೆ ಕೂತವನ ಮುಖದಲ್ಲಿ ಗೆಲುವು ಉಕ್ಕುತ್ತಿತ್ತು.

"ನಿನ್ನ ಕಾರಿನ ಕೆಲಸ ಮುಗಿಸ್ಬಿಟ್ಟು ಬಂದೆ ಕಣೆ."

ಗಂಗಾಂಬಿಕೆಯ ಕೈಯ ಸೌಟು ನಿಂತಿತು. "ಏನು ಮುಗಿಸಿದ್ರಿ?"

"ಚಾನಲ್! ಕೂತು ವೆಲ್ಡ್ ಮಾಡಿಸ್ದೆ. ನಿನ್ನ ಸೈಡ್ ಪಟ್ಟಿ ಇನ್ನೂ ಶುರುವೇ ಮಾಡಿರ್ಲಿಲ್ಲ ಅವನು. ನಾನು ನಿಂತ್ಕೊಂಡ್ ಮ್ಯಾಲೆ ನೋಡು, ಸಾಯಂಕಾಲದೊಳಗೆ ಆಗೋಯ್ತು."

"ನಾನು ಬೇಡ ಅಂದಿದ್ದು."

"ನಿಂಗೊಳ್ಳೇದಕ್ಕೇ ಮಾಡಿದ್ದು ತಾನೆ?"

"ನಾನು ಬೇಡ ಅಂದಿದ್ದು!"

ಮನೆಯಲ್ಲಿ ಅವಳು ಆ ಗಂಟಲಿನಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನೀಲಾಂಬಿಕೆ ಕೂಡ ತುತ್ತು ಕೆಳಗಿಟ್ಟಳು. ಗಂಗಾಂಬಿಕೆಗೆ ಅಳು ಬಂತು, ಆದರೆ ಅಳಲಿಲ್ಲ. ಅತ್ತರೆ ಸಮಾಧಾನ ಮಾಡಿ ಮುಗಿಸಿಬಿಡುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಗಿನ ಬಸ್ಸಿಗೇ ಹೊಳೆನರಸೀಪುರಕ್ಕೆ ಹೊರಟಳು. ಶೆಡ್ಡಿನಲ್ಲಿ ಕಾರು ನಡುವಿಗೆ ಎರಡು ಮರದ ದಿಮ್ಮಿ ಕೊಟ್ಟುಕೊಂಡು ಎತ್ತರದಲ್ಲಿತ್ತು. ಅಡಿಯಲ್ಲಿ ಉದ್ದಕ್ಕೂ ಕರೀ ಚಾನಲ್ಲು. ಬಾಗಿಲ ಮೇಲಿನ ಮೂಲೆಯಲ್ಲಿ ಅದೇ ಸಂದು, ಬೆರಳು ತೂರುವಷ್ಟು.

"ಇಳಿಸಿ ಕೆಳಗೆ," ಎಂದಳು.

ಕಾಂತರಾಜು ಜಾಕ್ ಕೊಟ್ಟು ದಿಮ್ಮಿ ತೆಗೆದ. ಕಾರು ಚಕ್ರದ ಮೇಲೆ ಇಳಿಯಿತು. ಗಂಗಾಂಬಿಕೆ ಮತ್ತೆ ಬೆರಳಿಟ್ಟಳು. ಸಂದು ಒಂದು ಚೂರೂ ಕಮ್ಮಿಯಾಗಿರಲಿಲ್ಲ. ಬಾಗಿಲು ಎಳೆದು ಹಾಕಿದರೆ ಕೊಂಡಿ ತಗಡಿಗೆ ಬಡಿದು ವಾಪಸ್ಸು ಬಂತು. ಕಲ್ಲಿನಿಂದ ಇಳಿಸಿದ ದಿನ ಉಗುರು ಮಾತ್ರ ಹೋಗಿದ್ದು ಆಗ ಅವಳ ನೆನಪಿಗೆ ಬಂತು. ನಡುವಿಗೆ ಕಲ್ಲು ಕೊಟ್ಟರೆ ಮುಂದೂ ಹಿಂದೂ ಜೋತು ಬೀಳುತ್ತೆ, ನಡು ಮೇಲೇಳುತ್ತೆ, ಬಾಗಿಲ ಸಂದು ಬಿಚ್ಚಿಕೊಳ್ಳುತ್ತೆ. ಚಕ್ರದ ಮೇಲೆ ನಿಂತರೆ ನಡು ತನ್ನ ಜಾಗಕ್ಕೆ ಇಳಿಯುತ್ತೆ. ಈ ಮಹಾನುಭಾವರು ಗಾಡಿ ಡೊಂಕಾಗಿ ನಿಂತಾಗಲೇ ಚಾನಲ್ ಬೆಸೆದು, ಆ ಡೊಂಕನ್ನು ಶಾಶ್ವತ ಮಾಡಿಟ್ಟಿದ್ದರು.

"ಯಾರ ಮಾತು ಕೇಳಿ ಇದನ್ನ ಹಾಕಿದ್ರಿ?"

"ಯಜಮಾನ್ರೇ ಬಂದು ಹೇಳಿದ್ ಮ್ಯಾಲೆ ಇನ್ಯಾರನ್ನ ಕೇಳಾನಕ್ಕ?"

"ಮುಂಗಡ ಕೊಟ್ಟೋರು ಯಾರು?"

"ನೀವೇ."

"ಹಂಗಾದ್ರೆ ಈ ಕಾರಿಗೆ ಯಜಮಾನಿ ನಾನು. ಕೊಯ್ದು ತೆಗೀರಿ ಇದನ್ನ."

"ಅಯ್ಯೋ ಶಿವನೇ, ಒಂದಿನದ ಕೆಲಸ ಅಕ್ಕ! ಬಾಗ್ಲು ಉಜ್ಜಿ ಕೂರಿಸ್ಕೊಡ್ತೀನಿ, ಬಿಡಿ. ಈ ಕೆಲಸದಲ್ಲೇ ತಲೆ ಬೆಳ್ಳಗಾಗೈತೆ ನಂದು. ನೀವು ಅಡುಗೆ ಮಾಡೋರು..."

"ಅಡುಗೆ ಮಾಡೋಳೇ. ಬಾಗಿಲು ಉಜ್ಜಿದ್ರೆ ಬಾಗಿಲು ಕೂರುತ್ತೆ, ಡೊಂಕು ಹೋಗುತ್ತಾ? ಗುಂಡಿಗಿಳಿದಾಗ ಏನಾಗುತ್ತೆ ಅಂತ ನೀವೇ ಹೇಳಿದ್ರಲ್ಲ. ಕೊಯ್ಯಿರಿ. ಆಮೇಲೆ ಚಕ್ರದ ಮೇಲೆ ನಿಲ್ಸಿ, ಸೀಟಿಗೆಲ್ಲ ಭಾರ ಇಟ್ಟು, ಬಾಗಿಲು ಹಾಕಿ ನೋಡಿ. ಕೊಂಡಿ ತಾನಾಗೇ ಕೂತ ಮೇಲೆ ಬಾಕ್ಸ್ ಪೈಪಿಗೆ ಬೆಸುಗೆ ಹಾಕಿ."

"ಕೊಯ್ಯೋ ಕೂಲಿ?"

"ಯಾರ ಮಾತು ಕೇಳಿದ್ರೋ ಅವರ ಹತ್ರ ಈಸ್ಕೊಳ್ಳಿ."

ಮನೆಗೆ ಬಂದು ಅವಳು ಇನ್ನೊಂದು ಮಾತು ಹೇಳಿದಳು. ಆ ಚಾನಲ್ ಕೊಯ್ಯುವವರೆಗೆ ಹೋಳಿಗೆ ಆರ್ಡರಿಗೆ ಬಿಟ್ಟು ಬೇರೆ ಯಾತಕ್ಕೂ ಒಲೆ ಹಚ್ಚುವುದಿಲ್ಲ. ಪ್ರೇಕ್ಷಾಳಿಗೂ ಹಚ್ಚಬೇಡ ಎಂದಳು. ಪ್ರೇಕ್ಷಾಳಿಗೆ ಅಷ್ಟೇ ಬೇಕಾಗಿತ್ತು.

ಮನೆ ತುಂಬ ತುಪ್ಪ, ಏಲಕ್ಕಿ, ಬೆಲ್ಲದ ಘಮ, ತಟ್ಟೆಯಲ್ಲಿ ಮಾತ್ರ ಏನೂ ಇಲ್ಲ. ಪಂಚಾಕ್ಷರಯ್ಯ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ತಿಂದು ಬಂದ, ಹೊಟ್ಟೆ ಕೆಡಿಸಿಕೊಂಡ, ಆದರೂ ಬಿಗುಮಾನ ಬಿಡಲಿಲ್ಲ. ಬಾಳೆಹಣ್ಣು, ಅವಲಕ್ಕಿಯಲ್ಲಿ ದಿನ ನೂಕಿದ ನೀಲಾಂಬಿಕೆ ಕೊನೆಗೆ ಮಗನನ್ನು ಹಿಡಿದು ನಿಲ್ಲಿಸಿದಳು.

"ಲೇ ಪಂಚಾಕ್ಷರಿ, ಅವಳ ಕಾರಿಗೆ ನಿಂದೇನ್ಲಾ ಯಜಮಾನ್ಕೆ? ನೀನು ಮಾರೋ ಗಡ್ಡೆಗೆ ಅವಳು ಬಂದು ಬೆಲೆ ಕಟ್ಟಿದ್ಲೇನ್ಲಾ?"

"ಅವ್ವ, ನೀನೂ ಅವಳ ಕಡೆಗಾ?"

"ನಾನು ಯಾರ ಕಡೆಗೂ ಇಲ್ಲ. ನಂಗೆ ಅನ್ನ ಬೇಕು. ಓಗು, ಕೂಲಿ ಕೊಟ್ಟು ಕೊಯ್ಸಿ ಬಾ."

ಪಂಚಾಕ್ಷರಯ್ಯ ಹಲ್ಲು ಕಡಿದುಕೊಂಡು ಹೋದ, ಕೊಟ್ಟ, ಕೊಯ್ಯಿಸಿದ. ಅಷ್ಟೇ ಅಲ್ಲ, ಭಾನುವಾರ ತನ್ನದೇ ಮಂಡಿಯ ಟೆಂಪೋದಲ್ಲಿ ಆಲೂಗಡ್ಡೆ ಮೂಟೆ ಹೇರಿಸಿ, ತಾಯಿ, ಹೆಂಡತಿ, ಮಗಳನ್ನೂ ಕರೆದುಕೊಂಡು ಶೆಡ್ಡಿಗೆ ಬಂದ. ಬರಲ್ಲ ಎಂದಿದ್ದ ನೀಲಾಂಬಿಕೆಯೇ ಎಲ್ಲರಿಗಿಂತ ಮುಂಚೆ ಹೊರಟು ನಿಂತಿದ್ದಳು.

ಪೆಟ್ರೋಲ್ ಟ್ಯಾಂಕು ಬಿಚ್ಚಿಟ್ಟಿದ್ದರು. ಸೈಡ್ ಪಟ್ಟಿ ಎರಡೂ ಹೊಸದಾಗಿ ಹೊಳೆಯುತ್ತಿದ್ದವು, ಕ್ಲಾಂಪಿನಲ್ಲಿ ಕಚ್ಚಿಸಿಟ್ಟಿದ್ದರು, ಇನ್ನೂ ಬೆಸೆದಿರಲಿಲ್ಲ. ಕಾರನ್ನು ಚಕ್ರ ಸಮೇತ ಶೆಡ್ಡಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಹಿಂದಿನ ಸೀಟಿನ ಜಾಗಕ್ಕೆ ಮೂಟೆ, ಡ್ರೈವರ್ ಸೀಟಿಗೆ ಮೂಟೆ ಇಟ್ಟರು. ಗಂಗಾಂಬಿಕೆ ಬಾಗಿಲು ಹಾಕಿ ನೋಡಿದಳು. ಇನ್ನು ಕೂದಲೆಳೆಯಷ್ಟು ಬಾಕಿ.

"ಇನ್ನೊಂದು ಮೂಟೆ ಬೇಕು," ಎಂದ ಕಾಂತರಾಜು. "ಟೆಂಪೋ ಖಾಲಿಯಾಯ್ತಲ್ಲ ಸಾ."

"ಆಲೂಗಡ್ಡೆ ಮೂಟೆಗೆ ಇರೋ ತೂಕ ನಂಗಿಲ್ವಾ?" ಎಂದು ನೀಲಾಂಬಿಕೆ ಸೀರೆ ಎತ್ತಿ ಹಿಡಿದು ಮುಂದಿನ ಸೀಟಿಗೆ ಹತ್ತಿ ಕೂತೇಬಿಟ್ಟಳು.

ಗಂಗಾಂಬಿಕೆ ಬಾಗಿಲನ್ನು ಎರಡೇ ಬೆರಳಿನಲ್ಲಿ ನೂಕಿದಳು. ಟಪ್ ಎಂದು ಕೂತಿತು. ಅಪ್ಪನ ಕಾಲದಲ್ಲಿ ಕೂರುತ್ತಿದ್ದ ಹಾಗೆ. ಅವಳಿಗೆ ಎಷ್ಟು ಸಂತೋಷವಾಯಿತು ಎಂದರೆ, ಎಲ್ಲರ ಎದುರಿಗೆ ಮತ್ತೆ ತೆಗೆದು ಮತ್ತೆ ಹಾಕಿದಳು, ಇನ್ನೊಂದು ಸಲವೂ ಹಾಕಿದಳು.

"ನೋಡ್ರೋ, ನನ್ನ ಒಳಗಿಟ್ಟು ಬಾಗ್ಲು ಆಟ ಆಡ್ತಾವಳೆ!" ನೀಲಾಂಬಿಕೆ ಒಳಗಿನಿಂದ ಕೂಗಿದಳು. ಕಾಂತರಾಜು ಸಂದುಗೊಂದಿನಲ್ಲೆಲ್ಲ ಬೆರಳಾಡಿಸಿ ಕ್ಲಾಂಪುಗಳನ್ನು ಇನ್ನಷ್ಟು ಬಿಗಿದ. ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕೊಟ್ಟು ಆ ಅಳತೆ ಅಲುಗಾಡದಂತೆ ಮಾಡಿ, ಮುದುಕಿಯನ್ನು ಇಳಿಸಿದ ಮೇಲೆಯೇ ಬೆಸುಗೆಗೆ ಕೈ ಹಾಕಿದ.

"ಮೊದಲೇ ನಂಗೂ ಹಿಂಗೇ ಅನ್ನಿಸಿತ್ತು ಕಣಕ್ಕ," ಎಂದ, ವೆಲ್ಡಿಂಗ್ ಕನ್ನಡಕ ಏರಿಸಿಕೊಳ್ಳುತ್ತಾ.

"ಅನ್ನಿಸಿರುತ್ತೆ, ಅನ್ನಿಸಿರುತ್ತೆ," ಎಂದಳು ಗಂಗಾಂಬಿಕೆ. ಅವತ್ತು ರಾತ್ರಿ ಮನೆಯಲ್ಲಿ ಅನ್ನ, ಬಸ್ಸಾರು, ಹಪ್ಪಳ ಎಲ್ಲ ಆಯಿತು.

ಸ್ಮರಣೆಯ ದಿನ ಬೆಳಿಗ್ಗೆ ಕಾರು ಗೇಟಿನ ಮುಂದೆ ನಿಂತಿತ್ತು. ಅಪ್ಪ ಬದುಕಿದ್ದಾಗ ಮಾಡಿಸಿದ್ದ ಎಫ್‌ಸಿ ಇನ್ನೂ ಚಾಲ್ತಿಯಲ್ಲಿತ್ತು, ವಿಮೆ ಅವಳೇ ಕಟ್ಟಿದ್ದಳು. ಬಿಳೀ ಪಂಚೆ, ಬಿಳೀ ಅಂಗಿ ತೊಟ್ಟ ಪಂಚಾಕ್ಷರಯ್ಯ ಡ್ರೈವರ್ ಬಾಗಿಲ ಪಕ್ಕದಲ್ಲೇ ನಿಂತಿದ್ದ.

"ಗೊರೂರು ದಾಟೋವರೆಗೆ ನಾನು ಓಡಿಸ್ತೀನಿ. ಬಸ್ಸು, ಟ್ರಾಕ್ಟರು ಜಾಸ್ತಿ. ಅರಕಲಗೂಡು ಹತ್ರ ಬಂದ್ಮೇಲೆ ನೀನು ಹಿಡ್ಕೊ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ಹಿಂದೆ ಕೂರಿ."

"ಮುಂದೆ ಕೂರ್ತೀನಿ ಕಣೆ, ಹೇಳ್ತಾ ಇರ್ತೀನಿ."

"ಮುಂದೆ ನಾನು," ಎಂದಳು ನೀಲಾಂಬಿಕೆ. "ಆ ಸೀಟಿಗೆ ಅಳತೆ ಕೊಟ್ಟೋಳು ನಾನು."

ಸ್ಟೇರಿಂಗ್ ಪಕ್ಕದ ಗೇರು ಮೊದಮೊದಲು ಮುನಿಸಿಕೊಂಡಿತು, ಆಮೇಲೆ ಮಾತು ಕೇಳಿತು. ಊರಾಚೆ ಗುಂಡಿ ಬಂದಾಗ ಹಿಂದಿನ ಸೀಟಿನಿಂದ "ನಿಧಾನ, ನಿಧಾನ" ಎಂದು ಕೂಗು ಬಂತು. ಕಾರು ಕಿರುಗುಟ್ಟದೆ ಇಳಿದು ಹತ್ತಿತು, ಬಾಗಿಲು ಅಲುಗಲಿಲ್ಲ. ಗೊರೂರಿನ ಇಳಿಜಾರಿನಲ್ಲಿ ಬಸ್ಸೊಂದು ಹಾರನ್ ಮಾಡುತ್ತಾ ಬೆನ್ನು ಹತ್ತಿತು. ಗಂಗಾಂಬಿಕೆ ದಾರಿ ಬಿಡುವ ಕಡೆ ಬಿಟ್ಟಳು, ಬಿಡಬಾರದ ಕಡೆ ಬಿಡಲಿಲ್ಲ. ಅಂಥ ಖುಷಿ ಅವಳಿಗೆ ಮದುವೆಯಾದ ಮೇಲೆ ಆಗಿರಲಿಲ್ಲ. ಗಂಡನಿಗೆ ಆ ಮಾತು ಹೇಳಿದರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಸುಮ್ಮನಾದಳು.

ಅರಕಲಗೂಡಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು, ನೆಂಟರಿಷ್ಟರು ತುಂಬಿದ್ದರು. ಕಾರು ಬಂದು ನಿಂತಾಗ ಎಲ್ಲರೂ ಎದ್ದು ನಿಂತರು. ಸಿದ್ದೇಶ್ವರ ಮೊದಲು ಹುಡುಕಿದ್ದು ಭಾವನನ್ನು.

"ಭಾವ, ನೀವು ಎಲ್ಲೀವರೆಗೆ ಓಡಿಸ್ಕಂಡು ಬಂದ್ರಿ? ನಿಜ ಹೇಳಿ."

ಹಿಂದಿನ ಸೀಟಿನಿಂದ ಕಷ್ಟಪಟ್ಟು ಇಳಿಯುತ್ತಿದ್ದ ಪಂಚಾಕ್ಷರಯ್ಯ ಪಂಚೆ ಕೊಡವಿಕೊಂಡ. "ಎಲ್ಲಿ ಓಡಿಸೋದು? ಮುಟ್ಟೋಕೇ ಬಿಡ್ಲಿಲ್ಲ ಕಣಪ್ಪಾ ಅವಳು."

ಅಪ್ಪನ ಗದ್ದಿಗೆಯ ಪೂಜೆ ಆಯಿತು, ಜಂಗಮರಿಗೆ ದಕ್ಷಿಣೆ ಆಯಿತು. ಶಾಮಿಯಾನದಲ್ಲಿ ಎಲೆ ಹಾಕುವ ಹೊತ್ತಿಗೆ ಸಿದ್ದೇಶ್ವರ ಒಳಗಿನಿಂದ ಕಾಗದ ತಂದು ಟೀಪಾಯಿಯ ಮೇಲಿಟ್ಟ. ಒಂದು, ಕಾರು ತಂಗಿಯ ಹೆಸರಿಗೆ ಹೋಗಲು ವಾರಸುದಾರನ ಒಪ್ಪಿಗೆ. ಅದರ ಅಡಿಯಲ್ಲಿ ಇನ್ನೊಂದು, ಛಾಪಾ ಕಾಗದ.

"ಇದೇನಣ್ಣ?"

"ಅದಾ? ಹಕ್ಕು ಬಿಡುಗಡೆ ಪತ್ರ. ತ್ವಾಟ, ಹೊಲ ನನ್ನ ಹೆಸರಿಗೆ ಮಾಡಿಸ್ಕೋಬೇಕಲ್ಲ. ನೀನೊಂದು ಸೈನ್ ಹಾಕು, ನಾನೊಂದು ಹಾಕ್ತೀನಿ. ಮುಂದಿನ ವಾರ ರಿಜಿಸ್ಟ್ರಿಗೆ ಬಂದು ಹೋದ್ರಾಯ್ತು."

"ಅವತ್ತು ರೊಟ್ಟಿ ತಿಂತಾ ಇದನ್ನ ಹೇಳ್ಲಿಲ್ಲವಲ್ಲ. ಓಡಿಸ್ಕಂಡು ಬಾ ಅಂದೆ. ಬಂದಿದೀನಿ."

"ಕಾರು ಬೇಕು ತಾನೆ ನಿಂಗೆ?"

ಪಂಚಾಕ್ಷರಯ್ಯ ಹಿಂದಿನಿಂದ ಪಿಸುಗುಟ್ಟಿದ. "ಹಾಕ್ಬಿಡು ಮಾರಾಯ್ತಿ. ನಮಗ್ಯಾಕೆ ಅವರ ಹೊಲ?"

ಗಂಗಾಂಬಿಕೆ ಕಾಗದ ನೋಡಿದಳು, ಅಣ್ಣನನ್ನು ನೋಡಿದಳು. ಈ ಮೂರು ವರ್ಷದಲ್ಲಿ ಒಂದು ದಿನ ಬಂದು, ಗಂಗಾ, ಹೀಗಿದೆ ಕಣೆ, ಒಂದು ಸಹಿ ಬೇಕು ಎಂದು ನೆಟ್ಟಗೆ ಕೇಳಿದ್ದರೆ ಎರಡು ಮಾತಾಡದೆ ಹಾಕಿಬಿಡುತ್ತಿದ್ದಳು. ಅದು ಅವಳಿಗೇ ಗೊತ್ತಿತ್ತು. ಅಪ್ಪನ ಸ್ಮರಣೆಯ ದಿನ, ನಾಲ್ಕು ಜನರ ಮುಂದೆ, ಕಾರನ್ನು ಅಡ್ಡ ಇಟ್ಟುಕೊಂಡು ಹಾಕಿಸಿಕೊಳ್ಳುತ್ತಾನಲ್ಲ ಎಂದು ಅವಳ ಮೈಯೆಲ್ಲ ಉರಿದುಹೋಯಿತು.

"ನಿಂದು ಮೊದಲು," ಎಂದಳು. "ಸೋತೋನು ನೀನು."

ನೆಂಟರಲ್ಲಿ ಯಾರೋ ನಕ್ಕರು. ಸಿದ್ದೇಶ್ವರನೂ ನಕ್ಕು, ತಂಗಿ ದಾರಿಗೆ ಬಂದಳು ಎಂದುಕೊಂಡು ಕಾರಿನ ಕಾಗದಕ್ಕೆ ಸಹಿ ಹಾಕಿ, ಪೆನ್ನು ಅವಳ ಕಡೆ ಚಾಚಿದ. ಗಂಗಾಂಬಿಕೆ ಪೆನ್ನು ಮುಟ್ಟಲಿಲ್ಲ. ಸಹಿ ಆಗಿದ್ದ ಕಾಗದ ಮಡಿಸಿ ಪ್ರೇಕ್ಷಾಳ ಕೈಗೆ ಕೊಟ್ಟಳು.

"ಬ್ಯಾಗಿಗೆ ಹಾಕ್ಕೋ."

"ಏಯ್, ಇದಕ್ಕೆ ಯಾರು ಹಾಕೋದು?" ಸಿದ್ದೇಶ್ವರ ಛಾಪಾ ಕಾಗದ ಎತ್ತಿ ಹಿಡಿದ.

"ಅದು ಹಾಗೇ ಇರ್ಲಿ ಅಣ್ಣ. ಪಾಲು ಕೇಳಬೇಕು ಅಂತ ಅಪ್ಪನಾಣೆಗೂ ನನ್ನ ತಲೇಲಿರ್ಲಿಲ್ಲ. ನೀನೇ ನೆನಪು ಮಾಡ್ದೆ. ಕಾರಿಂದು ಮುಗೀತು. ಊಟ ಆಗ್ಲಿ, ತ್ವಾಟದ್ದು ಮಾತಾಡೋಣ."

ಶಾಮಿಯಾನದಲ್ಲಿ ಗಂಡಸರ ಮೊದಲ ಪಂಕ್ತಿಗೆ ಎಲೆ ಬಿದ್ದಿತ್ತು. ಗಂಗಾಂಬಿಕೆ ಸೆರಗು ಸಿಕ್ಕಿಸಿಕೊಂಡು ಹೋಗಿ ಆ ಪಂಕ್ತಿಯಲ್ಲೇ, ಅಣ್ಣನ ಎಲೆಗೆ ಎದುರಾಗಿದ್ದ ಎಲೆಯ ಮುಂದೆ ಕೂತು, ಎಲೆಗೆ ನೀರು ಚಿಮುಕಿಸಿ, "ಬಡಿಸ್ರಪ್ಪಾ," ಎಂದಳು.